ಹಗುರ ಸೈಕಲ್ ಆರಿಸುವುದು ಹೇಗೆ: 10ರಿಂದ 14 ವರ್ಷದ ಸೈಕಲ್ ಹುಚ್ಚಿನ ಮಕ್ಕಳಿಗೆ

ಸೈಕಲ್ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಎರಡು ವಸ್ತು ಇರಲಿ. ಒಂದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವಂಥ ಚಿಕ್ಕ ಅಯಸ್ಕಾಂತ. ಇನ್ನೊಂದು, ವಿಮಾನ ಹತ್ತುವವರು ಸೂಟ್‌ಕೇಸ್ ತೂಗಲು ಬಳಸುವ ಕೊಕ್ಕೆ ತಕ್ಕಡಿ. ಇವೆರಡೂ ಕೈಯಲ್ಲಿದ್ದರೆ ಅಂಗಡಿಯವರ ಅರ್ಧ ಮಾತು ಕೇಳಬೇಕಾಗಿಲ್ಲ. ಇಲ್ಲಿ ಹೇಳುತ್ತಿರುವುದು ಸುಮಾರು 130ರಿಂದ 155 ಸೆಂ.ಮೀ. ಎತ್ತರದ ಮಕ್ಕಳ ಸೈಕಲ್ ಬಗ್ಗೆ. ಬೀದಿ ಸುತ್ತಿ ಸಾಕಾಗಿ, ಊರಾಚೆ ಹತ್ತಿಪ್ಪತ್ತು ಕಿಲೋಮೀಟರ್ ಹೊಡೆಯುವ ಆಸೆ ಹುಟ್ಟಿದವರು ಇವರು. ಮನೆಯಿಂದ ಟ್ಯೂಷನ್‌ಗೆ ಹೋಗಿ ಬರಲು ಮಾತ್ರ ಸೈಕಲ್ ಬೇಕಾದವರಿಗೆ ಇಷ್ಟೆಲ್ಲ ತಲೆಬಿಸಿ ಬೇಡ.

ತೂಕ ಏಕೆ ಮೊದಲು

ಈ ವಯಸ್ಸಿನವರಿಗೆಂದು ಅಂಗಡಿಯ ಮುಂದೆ ಸಾಲಾಗಿ ನಿಲ್ಲಿಸಿರುವ, ಮುಂದೆಯೂ ಹಿಂದೆಯೂ ಶಾಕ್ ಇರುವ 24 ಇಂಚಿನ ಉಕ್ಕಿನ ಸೈಕಲ್ 16ರಿಂದ 18 ಕೆ.ಜಿ. ತೂಗುತ್ತದೆ. ಓಡಿಸುವ ಹುಡುಗಿಯ ತೂಕ 35 ಕೆ.ಜಿ. ಎಂದುಕೊಳ್ಳಿ. ತನ್ನ ಮೈತೂಕದ ಅರ್ಧದಷ್ಟು ಭಾರವನ್ನು ಅವಳು ತುಳಿಯುತ್ತಿದ್ದಾಳೆ. 70 ಕೆ.ಜಿ.ಯ ಅಪ್ಪನಿಗೆ ಇದೇ ಲೆಕ್ಕ ಹಾಕಿದರೆ ಅವರ ಸೈಕಲ್ 35 ಕೆ.ಜಿ. ಆಗಬೇಕು. ತುಂಬಿದ ಗ್ಯಾಸ್ ಸಿಲಿಂಡರ್ ಇರುವುದೇ 30 ಕೆ.ಜಿ. ಆಸುಪಾಸು. ಏರು ಬಂದಾಗ ಮಗು ಇಳಿದು ತಳ್ಳಿದರೆ ಅದು ಸೋಮಾರಿತನವಲ್ಲ.

ಸೈಕಲ್ಲಿನ ತೂಕ ಮಗುವಿನ ತೂಕದ ಮೂರನೇ ಒಂದು ಭಾಗ ದಾಟಬಾರದು ಎಂಬುದು ನಾವು ಇಟ್ಟುಕೊಳ್ಳುವ ಮಿತಿ. ನಮ್ಮ ಮಾರುಕಟ್ಟೆಯಲ್ಲಿ ಕೈಗೆಟುಕುವ ದರಕ್ಕೆ 24 ಇಂಚಿನದು 11–12 ಕೆ.ಜಿ.ಗೆ, ದೊಡ್ಡ ಚಕ್ರದ ಚಿಕ್ಕ ಫ್ರೇಮಿನದು 11ರಿಂದ 12.5 ಕೆ.ಜಿ.ಗೆ ಸಿಕ್ಕಿದರೆ ಒಳ್ಳೆಯ ವ್ಯಾಪಾರ. ಅದಕ್ಕಿಂತ ಕೆಳಗೆ ಇಳಿಯಲು ಹೊರಟರೆ ದುಡ್ಡು ನೀರಿನಂತೆ ಹರಿಯುತ್ತದೆ. ಟೂರ್ ಡಿ ಫ್ರಾನ್ಸ್ ಓಡುವವರ ಸೈಕಲ್ಲಿಗೂ 6.8 ಕೆ.ಜಿ.ಗಿಂತ ಹಗುರ ಇರಕೂಡದು ಎಂಬ ನಿಯಮ 2000ದಿಂದ ಇದೆ. ಮಗುವಿನ ಸೈಕಲ್ 17ರಿಂದ 12ಕ್ಕೆ ಇಳಿಯುವುದು ದೊಡ್ಡ ಲಾಭ, ಅದಕ್ಕೆ ತಗಲುವ ಖರ್ಚು ಕಡಿಮೆ. 10ರಿಂದ 9ಕ್ಕೆ ಇಳಿಸುವುದು ಹುಚ್ಚಾಟ.

ಮೊದಲು ಮಗುವನ್ನು ಅಳೆಯಿರಿ

ವಯಸ್ಸು ನೋಡಿ ಸೈಕಲ್ ಕೊಳ್ಳಬೇಡಿ. ಒಂದೇ ತರಗತಿಯ ಇಬ್ಬರ ನಡುವೆ ಗೇಣುದ್ದ ವ್ಯತ್ಯಾಸ ಇರುತ್ತದೆ. ಬೇಕಾದದ್ದು ಒಳಗಾಲಿನ ಅಳತೆ. ಮಗು ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು, ಪಾದಗಳ ನಡುವೆ ಅರ್ಧ ಅಡಿ ಬಿಟ್ಟು ನಿಲ್ಲಲಿ. ದಪ್ಪ ರಟ್ಟಿನ ನೋಟ್‌ಬುಕ್ಕನ್ನು ಕಾಲುಗಳ ನಡುವೆ, ಸೀಟಿನ ಮೇಲೆ ಕೂತಂತೆ ಒತ್ತುವವರೆಗೆ ಮೇಲಕ್ಕೆ ತಂದು, ಅದರ ಮೇಲಂಚಿನಿಂದ ನೆಲಕ್ಕೆ ಟೇಪ್ ಹಿಡಿಯಿರಿ. ಎರಡು ಸಲ ಅಳೆದು ದೊಡ್ಡ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಅಂಗಡಿಯಲ್ಲಿ ಮಗು ಫ್ರೇಮಿನ ಮೇಲ್ದಂಡದ ಆಚೀಚೆ ಕಾಲಿಟ್ಟು ನಿಂತಾಗ ದಂಡಕ್ಕೂ ಮೈಗೂ ನಡುವೆ ಕನಿಷ್ಠ 3 ಸೆಂ.ಮೀ. ಸಂದು ಇರಬೇಕು, ಕಚ್ಚಾ ದಾರಿಯಲ್ಲಿ ಓಡಿಸುವವರಿಗೆ 5 ಸೆಂ.ಮೀ. ಎತ್ತರ 130–145 ಸೆಂ.ಮೀ. ಇದ್ದರೆ ಸಾಮಾನ್ಯವಾಗಿ 24 ಇಂಚಿನ ಚಕ್ರ ಸರಿಹೊಂದುತ್ತದೆ. 145 ದಾಟಿದವರಿಗೆ 26 ಇಂಚು. 150ರ ಮೇಲಿನವರಿಗೆ ಅತಿ ಚಿಕ್ಕ ಫ್ರೇಮಿನ 700ಸಿ (ರೇಸ್ ಸೈಕಲ್ಲಿನ ದೊಡ್ಡ ಅಳತೆಯ) ಚಕ್ರದ್ದನ್ನೂ ನೋಡಬಹುದು.

ನಮ್ಮಲ್ಲಿ ಹೆಚ್ಚು ದುಡ್ಡು ಹಾಳಾಗುವುದು ಇಲ್ಲೇ. ಶಾಲೆಯ ಯೂನಿಫಾರ್ಮ್ ಎರಡು ಬೆರಳು ಉದ್ದ ಹೊಲಿಸುವ ಲೆಕ್ಕವನ್ನೇ ಸೈಕಲ್ಲಿಗೂ ಹಾಕಿ, 'ಬೆಳೀತಾನಲ್ಲ, ದೊಡ್ಡದೇ ಇರಲಿ' ಅನ್ನುತ್ತೇವೆ. ಅಪ್ಪನ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತ ತಲೆಮಾರು ನಮ್ಮದು, ಹಾಗಾಗಿ ದೊಡ್ಡ ಸೈಕಲ್ ತಪ್ಪು ಅನ್ನಿಸುವುದೇ ಇಲ್ಲ. ಆದರೆ ಹ್ಯಾಂಡಲ್ ಎಟುಕದೆ ಮುಂದಕ್ಕೆ ಚಾಚಿಕೊಂಡು ಒಂದು ಗಂಟೆ ಓಡಿಸಿದ ಮಗುವಿಗೆ ಕತ್ತು, ಅಂಗೈ ನೋಯುತ್ತವೆ. ಬ್ರೇಕ್ ಹಿಡಿಯಲು ಬೆರಳು ಸಾಲುವುದಿಲ್ಲ. ಆರು ತಿಂಗಳಲ್ಲಿ ಸೈಕಲ್ ಮೂಲೆ ಸೇರುತ್ತದೆ. ಬೆಳವಣಿಗೆಗೆ ಜಾಗ ಬೇಕೆಂದರೆ ಈಗ ಸೀಟ್ ಪೋಸ್ಟ್ ಬಹುಪಾಲು ಒಳಗಿರುವ, ಮುಂದೆ 10 ಸೆಂ.ಮೀ. ಎತ್ತಬಹುದಾದ ಸೈಕಲ್ ಆರಿಸಿ. ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಈಗ 60 ಮಿ.ಮೀ. ಇದ್ದರೆ ಎರಡನೇ ವರ್ಷ 80ರದ್ದು ಹಾಕಿಸಬಹುದು, ಖರ್ಚು ಕೆಲವು ನೂರು ರೂಪಾಯಿ ಅಷ್ಟೇ.

ಅಯಸ್ಕಾಂತದ ಪರೀಕ್ಷೆ

'ಅಲಾಯ್ ಸೈಕಲ್ ಸಾರ್' ಎಂಬ ಮಾತಿಗೆ ಅರ್ಥ ಹಲವು. ಕೆಲವೊಮ್ಮೆ ರಿಮ್ ಮಾತ್ರ ಅಲಾಯ್, ಅಂದರೆ ಅಲ್ಯೂಮಿನಿಯಂ ಆಗಿರುತ್ತದೆ. ಅಯಸ್ಕಾಂತ ಉಕ್ಕಿಗೆ ಅಂಟುತ್ತದೆ, ಅಲ್ಯೂಮಿನಿಯಂಗೆ ಅಂಟುವುದಿಲ್ಲ. ಈ ಕ್ರಮದಲ್ಲಿ ಮುಟ್ಟಿಸುತ್ತಾ ಹೋಗಿ: ಫ್ರೇಮು, ರಿಮ್ಮು, ಪೆಡಲ್ ಕೂತಿರುವ ಕ್ರ್ಯಾಂಕ್ ತೋಳು, ಹ್ಯಾಂಡಲ್, ಸೀಟ್ ಪೋಸ್ಟ್, ಸ್ಟೆಮ್, ಕೊನೆಗೆ ಚಕ್ರದ ನಡುವಿನ ಹಬ್.

ಫ್ರೇಮ್ ಮತ್ತು ರಿಮ್ ಎರಡೂ ಅಲ್ಯೂಮಿನಿಯಂ ಇರಲೇಬೇಕು, ಅದರಲ್ಲಿ ರಾಜಿ ಬೇಡ. ಉಕ್ಕಿನ ರಿಮ್ಮಿನ ತೊಂದರೆ ಭಾರದಷ್ಟಕ್ಕೇ ನಿಲ್ಲುವುದಿಲ್ಲ. ಮಳೆಯಲ್ಲಿ ನೆನೆದರೆ ಬ್ರೇಕಿನ ರಬ್ಬರ್ ಅದರ ಮೇಲೆ ಜಾರುತ್ತದೆ. ಮಲೆನಾಡು, ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹ್ಯಾಂಡಲ್, ಸೀಟ್ ಪೋಸ್ಟ್ ಉಕ್ಕಿನದಾಗಿದ್ದರೆ ಆಮೇಲೆ ಬದಲಿಸಬಹುದು. ಎರಡೂ ಸೇರಿ ಅರ್ಧ ಕೆ.ಜಿ.ಯಷ್ಟು ಇಳಿಯುತ್ತದೆ. ಕ್ರ್ಯಾಂಕ್ ತೋಳಿಗೆ ಅಯಸ್ಕಾಂತ ಅಂಟಿದರೆ ದರ ಇಳಿಸಲು ಅದೊಂದು ಮಾತು ಸಿಕ್ಕಿತು.

ಒಂದು ಅಪವಾದವಿದೆ. ಕ್ರೋಮೋಲಿ ಎಂಬ ಒಳ್ಳೆಯ ಉಕ್ಕಿನ ಕೊಳವೆಗಳು ತೆಳುವಾಗಿದ್ದು, ಅವುಗಳ ಫ್ರೇಮ್ ಹಗುರವಾಗಿಯೂ ಇರುತ್ತದೆ. ಅದಕ್ಕೂ ಅಯಸ್ಕಾಂತ ಅಂಟುತ್ತದೆ. ಅಂಥ ಫ್ರೇಮಿನ ಮೇಲೆ ಅದರ ಹೆಸರಿನ ಸ್ಟಿಕ್ಕರ್ ಇದ್ದೇ ಇರುತ್ತದೆ. ಬರೀ 'ಸ್ಟೀಲ್' ಅಥವಾ 'ಹೈಟೆನ್' ಎಂದಿದ್ದರೆ ಅದು ಸಾದಾ ಉಕ್ಕು.

ಇನ್ನು ತಕ್ಕಡಿ. ಕೊಕ್ಕೆಯನ್ನು ಸೀಟಿನ ಮುಂಭಾಗದ ಕೆಳಗೆ, ಮೇಲ್ದಂಡಕ್ಕೆ ಸಿಕ್ಕಿಸಿ ಎತ್ತಿ. ಸಮತೋಲನ ಸಿಗದಿದ್ದರೆ ಒಂದು ಪಟ್ಟಿ ಸುತ್ತಿ ಎತ್ತಿ. ಅಂಗಡಿಯಲ್ಲಿ ಮೈತೂಕದ ಯಂತ್ರವಿದ್ದರೆ ಸೈಕಲ್ ಎತ್ತಿಕೊಂಡು ಒಮ್ಮೆ, ಬರಿಗೈಯಲ್ಲಿ ಒಮ್ಮೆ ನಿಂತು ವ್ಯತ್ಯಾಸ ತೆಗೆಯಬಹುದು. ಸ್ಟ್ಯಾಂಡ್, ಮಡ್‌ಗಾರ್ಡ್, ಕ್ಯಾರಿಯರ್ ಇದ್ದಂತೆಯೇ ತೂಗಿ, ಕಂಪನಿಯ ಕಾಗದದಲ್ಲಿರುವ ತೂಕ ಅವಿಲ್ಲದೆ ತೂಗಿದ್ದಾಗಿರಬಹುದು. ಈ ಮೂರೂ ಸೇರಿದರೆ ಒಂದೂವರೆ ಕೆ.ಜಿ. ದಾಟುವುದುಂಟು.

ಶಾಕ್ ಬೇಡ ಅನ್ನಲು ಕಾರಣ

ಮಕ್ಕಳು ಮೊದಲು ಕೇಳುವುದೇ ಶಾಕ್. ಮುಂದಿನ ಚಕ್ರವನ್ನು ಹಿಡಿದಿರುವ ಕವಲಿಗೆ ಫೋರ್ಕ್ ಎನ್ನುತ್ತಾರೆ. ಅಗ್ಗದ ಸಸ್ಪೆನ್ಷನ್ (ಶಾಕ್ ಇರುವ) ಫೋರ್ಕಿನೊಳಗೆ ಇರುವುದು ಒಂದು ಸ್ಪ್ರಿಂಗು, ಒಂದಿಷ್ಟು ಪ್ಲಾಸ್ಟಿಕ್ ಬುಷ್. ಅದನ್ನು ದೊಡ್ಡವರ ಭಾರಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. 35 ಕೆ.ಜಿ.ಯ ಮಗು ಕೂತರೆ ಅದು ಅಲುಗುವುದೇ ಅಪರೂಪ. ಅದರ ತೂಕ ಮಾತ್ರ 2.3ರಿಂದ 2.8 ಕೆ.ಜಿ. ಸಾದಾ ಫೋರ್ಕ್ ಒಂದು ಕೆ.ಜಿ. ಚಿಲ್ಲರೆ. ಮಗು ನಿಂತು ತುಳಿಯುವಾಗ ಹಿಂದಿನ ಶಾಕ್ ಕುಸಿದು ಎದ್ದು ಶಕ್ತಿಯನ್ನೂ ನುಂಗುತ್ತದೆ, ಬುಷ್ ಸವೆದ ಮೇಲೆ ಇಡೀ ಹಿಂಭಾಗ ಅತ್ತಿತ್ತ ವಾಲುತ್ತದೆ.

ಪರೀಕ್ಷಿಸಿ ತೋರಿಸಿದರೆ ಮಗು ಒಪ್ಪುತ್ತದೆ. ಮುಂದಿನ ಬ್ರೇಕ್ ಒತ್ತಿ ಹಿಡಿದು ಹ್ಯಾಂಡಲ್ ಮೇಲೆ ತನ್ನ ಭಾರ ಹಾಕಲು ಹೇಳಿ. ಫೋರ್ಕ್ 2 ಸೆಂ.ಮೀ.ಗಿಂತ ಕಡಿಮೆ ಕುಸಿದರೆ ಅದು ಅಲಂಕಾರ. ಗುಂಡಿ ಬಿದ್ದ ರಸ್ತೆಗೆ 1.75 ಇಂಚಿನ ಟೈರಿಗೆ ಹದವಾಗಿ ಗಾಳಿ ಹಾಕಿದರೆ ಅದೇ ಸಾಕಷ್ಟು ಮೆತ್ತಗಿರುತ್ತದೆ.

ಗೇರ್: ಎಣಿಕೆ ಬಿಟ್ಟು ಹಲ್ಲು ನೋಡಿ

21 ಗೇರ್ ಎಂದರೆ ಮುಂದೆ 3, ಹಿಂದೆ 7. ಇವುಗಳಲ್ಲಿ ಅನೇಕ ಗೇರ್‌ಗಳು ಒಂದರ ಮೇಲೊಂದು ಬರುತ್ತವೆ. ಮುಂದಿನ ಹೆಚ್ಚುವರಿ ಎರಡು ಹಲ್ಲುಚಕ್ರ, ಚೈನನ್ನು ಒಂದರಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್, ಕೇಬಲ್, ಶಿಫ್ಟರ್ ಎಲ್ಲವೂ ಭಾರ. ಸಾಲದ್ದಕ್ಕೆ ಚೈನ್ ಬೀಳಲು ಇನ್ನೊಂದು ಜಾಗ. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ 7 ಅಥವಾ 8 ಇರುವ ಸೈಕಲ್ ಈ ವಯಸ್ಸಿಗೆ ಹೇಳಿ ಮಾಡಿಸಿದ್ದು.

24×1.75 ಚಕ್ರ ಒಂದು ಸುತ್ತಿಗೆ ಸುಮಾರು 1.89 ಮೀ. ಓಡುತ್ತದೆ. ಮುಂದೆ 32, ಹಿಂದೆ 34 ಹಲ್ಲು ಇದ್ದರೆ ಒಂದು ಪೆಡಲ್ ಸುತ್ತಿಗೆ 1.78 ಮೀ. ನಿಮಿಷಕ್ಕೆ 60 ಸಲ ತುಳಿದರೂ ಗಂಟೆಗೆ ಆರೂವರೆ ಕಿ.ಮೀ. ಸಾಗುತ್ತದೆ, ನಂದಿಬೆಟ್ಟದಂಥ ಏರಿನಲ್ಲೂ ಇಳಿಯದೆ ಹತ್ತಬಹುದು. ಅದೇ ಸೈಕಲ್ಲಿನ ಹಿಂದಿನ ಅತಿ ಚಿಕ್ಕ ಹಲ್ಲುಚಕ್ರ 14 ಹಲ್ಲಿನದಾದರೆ ನಿಮಿಷಕ್ಕೆ 90 ಸಲ ತುಳಿದು 23 ಕಿ.ಮೀ. ವೇಗ. ಸಮತಟ್ಟು ರಸ್ತೆಯಲ್ಲಿ ಇನ್ನೂ ಜೋರು ಬೇಕೆನ್ನುವವರಿಗೆ ಮುಂದೆ 38, ಹಿಂದೆ 11ರಿಂದ 34 ಹಲ್ಲಿನವರೆಗಿನ 8 ಹಲ್ಲುಚಕ್ರಗಳ ಗೊಂಚಲು (ಕ್ಯಾಸೆಟ್) ಸರಿ. ಅದೇ ತುಳಿತಕ್ಕೆ 35 ಕಿ.ಮೀ. ಮುಟ್ಟುತ್ತದೆ. ಅಂಗಡಿಯಲ್ಲಿ ಕೂತು ಹಲ್ಲು ಎಣಿಸಲು ನಾಚಿಕೆ ಬೇಡ, ಎರಡು ನಿಮಿಷದ ಕೆಲಸ.

ಹಿಂದಿನ ಹಲ್ಲುಚಕ್ರಗಳ ಗೊಂಚಲು ಹಬ್ಬಿನ ಮೇಲೆ ಕೂರುವುದರಲ್ಲಿ ಎರಡು ಬಗೆ. ಹಬ್ಬಿಗೆ ಮರೆಯಿಂದ, ಅಂದರೆ ಸ್ಕ್ರೂವಿನಂಥ ಸುತ್ತುಗೆರೆಯಿಂದ, ತಿರುಗಿಸಿ ಕೂರಿಸುವುದು ಫ್ರೀವೀಲ್. ಹಬ್ಬಿನ ಮೇಲೇ ಜಾರಿಸಿ ಕೂರಿಸುವುದು ಕ್ಯಾಸೆಟ್. ಫ್ರೀವೀಲಿನಲ್ಲಿ ಬಲಗಡೆಯ ಬೇರಿಂಗ್ ಒಳಗೆ ಉಳಿದು ಆಕ್ಸೆಲ್ಲಿನ ತುದಿಗೆ ಆಸರೆ ಇರುವುದಿಲ್ಲ, ಆದ್ದರಿಂದ ಭಾರ ಬಿದ್ದಾಗ ಬಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಮಗು ಹಗುರವಿರುವವರೆಗೆ ಇದು ದೊಡ್ಡ ವಿಷಯವಲ್ಲ. ಫುಟ್‌ಪಾತಿನಿಂದ ಹಾರಿಸುವ ಚಟವಿದ್ದರೆ ಕ್ಯಾಸೆಟ್ಟಿಗೆ ಹೆಚ್ಚು ಕೊಟ್ಟರೂ ಸರಿ.

ಯಾರೂ ನೋಡದ ಎರಡು ಸಂಗತಿ

ಒಂದು ಕ್ರ್ಯಾಂಕಿನ ಉದ್ದ. ಮಗುವಿನ ಎತ್ತರದ ಹತ್ತನೇ ಒಂದು ಭಾಗ ಹದ. 140 ಸೆಂ.ಮೀ. ಎತ್ತರದವರಿಗೆ 140 ಮಿ.ಮೀ., ಹೆಚ್ಚೆಂದರೆ 152. ತೋಳಿನ ಒಳಮೈಯಲ್ಲಿ, ಪೆಡಲ್ ಕೂರುವ ತುದಿಯ ಹತ್ತಿರ ಸಂಖ್ಯೆ ಕೊರೆದಿರುತ್ತದೆ. ಕೆಲವು 24 ಇಂಚಿನ ಸೈಕಲ್ಲುಗಳಿಗೆ ದೊಡ್ಡವರ 165 ಅಥವಾ 170ರ ತೋಳನ್ನೇ ಹಾಕಿ ಕಳಿಸುತ್ತಾರೆ. ಆಗ ಪ್ರತಿ ಸುತ್ತಿನಲ್ಲೂ ಮೊಣಕಾಲು ಎದೆಯ ಕಡೆಗೆ ಏರುತ್ತದೆ, ಸೊಂಟ ಅತ್ತಿತ್ತ ಕುಣಿಯುತ್ತದೆ, ತಿರುವಿನಲ್ಲಿ ಪೆಡಲ್ ನೆಲಕ್ಕೆ ಬಡಿಯುತ್ತದೆ.

ಎರಡನೆಯದು ಬ್ರೇಕ್ ಲಿವರ್. ಮಗು ಹಿಡಿಯ ಮೇಲೆ ಕೈ ಇಟ್ಟಾಗ ತೋರುಬೆರಳಿನ ಮೊದಲ ಗೆಣ್ಣು ಲಿವರ್ ಮೇಲೆ ಕೂರಬೇಕು. ಲಿವರಿನ ಬುಡದಲ್ಲಿ ಸಣ್ಣ ಸ್ಕ್ರೂ ಇದ್ದರೆ, ಅದನ್ನು ಒಳಕ್ಕೆ ತಿರುಗಿಸಿ ಲಿವರನ್ನು ಹತ್ತಿರ ತರಬಹುದು. ಎಷ್ಟೋ ಸೈಕಲ್ಲಿನಲ್ಲಿ ಆ ಸ್ಕ್ರೂ ಇರುತ್ತದೆ, ಯಾರೂ ಮುಟ್ಟಿರುವುದಿಲ್ಲ.

ಬ್ರೇಕಿನ ವಿಷಯದಲ್ಲಿ ಅಲ್ಯೂಮಿನಿಯಂ ರಿಮ್ಮಿಗೆ ವಿ-ಬ್ರೇಕ್ (ಎರಡು ತೋಳುಗಳಿಂದ ರಿಮ್ಮನ್ನು ಒತ್ತುವಂಥದ್ದು) ಹಗುರ, ಅಗ್ಗ, ಯಾವ ಊರಿನ ಮೆಕ್ಯಾನಿಕ್ ಬೇಕಾದರೂ ಸರಿಮಾಡುತ್ತಾನೆ. ಅಗ್ಗದ ಕೇಬಲ್ ಡಿಸ್ಕ್ ಅರ್ಧ ಕೆ.ಜಿ.ಗೂ ಹೆಚ್ಚು ಭಾರ ಸೇರಿಸುತ್ತದೆ, ಸದಾ ಉಜ್ಜುತ್ತಿರುತ್ತದೆ. ಕೊಡಗಿನ ಮಳೆ, ಕೆಸರಿನಲ್ಲಿ ದಿನವೂ ಓಡಿಸುವವರು ಮಾತ್ರ ಡಿಸ್ಕ್ ಯೋಚಿಸಲಿ.

ರೇಸಿನ ಆಸೆ ಇರುವವರಿಗೆ

ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆ ಮಕ್ಕಳು ಬಾಗಿದ ಹ್ಯಾಂಡಲಿನ ರೇಸ್ ಸೈಕಲ್ಲನ್ನೇ ಕೇಳುತ್ತಾರೆ. ಅಲ್ಲಿನ ಕ್ರೀಡಾ ವಸತಿ ನಿಲಯಗಳು, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆ, ಜಾತ್ರೆಯ ಸೈಕಲ್ ರೇಸ್‌ಗಳು ಹುಟ್ಟಿಸಿದ ಹಂಬಲ ಅದು. ಎತ್ತರ 150 ಸೆಂ.ಮೀ. ದಾಟುವವರೆಗೆ ನಮ್ಮ ಸಲಹೆ ಒಂದೇ: ಸಾದಾ ಫೋರ್ಕಿನ, ನೇರ ಹ್ಯಾಂಡಲಿನ ಹಗುರ ಸೈಕಲ್ಲಿಗೆ ನುಣುಪು ಟೈರ್ ಹಾಕಿ ಓಡಿಸಿ.

ಅದಾದ ಮೇಲೆ ರೇಸ್ ಸೈಕಲ್ ಕೊಳ್ಳುವಾಗ ಒಳಗಾಲಿನ ಅಳತೆಯನ್ನು 0.65ರಿಂದ ಗುಣಿಸಿ. 70 ಸೆಂ.ಮೀ. ಬಂದರೆ ಫ್ರೇಮ್ ಸುಮಾರು 46. ಹ್ಯಾಂಡಲಿನ ಅಗಲ ಭುಜದಷ್ಟಿರಲಿ, ಈ ವಯಸ್ಸಿಗೆ 36–38 ಸೆಂ.ಮೀ. ಸಾಕು. ಪೆಡಲ್ ಮುಂದಕ್ಕಿರುವಾಗ ಹ್ಯಾಂಡಲ್ ತಿರುಗಿಸಿ ಬೂಟಿನ ತುದಿ ಮುಂದಿನ ಚಕ್ರಕ್ಕೆ ತಾಗುತ್ತದೆಯೇ ನೋಡಿ. ಚಿಕ್ಕ ಫ್ರೇಮಿಗೆ 700ಸಿ ಚಕ್ರ ತುರುಕಿದಾಗ ಹೀಗಾಗುತ್ತದೆ, ನಿಧಾನಕ್ಕೆ ತಿರುಗುವಾಗ ಬೀಳಿಸುತ್ತದೆ. ತರಬೇತುದಾರರು ಸಿಕ್ಕಿದ್ದರೆ ಕೊಳ್ಳುವ ಮೊದಲೇ ಅವರನ್ನು ಕೇಳಿ, ಸ್ಪರ್ಧೆಯ ವಯೋವರ್ಗಕ್ಕೆ ತಕ್ಕಂತೆ ಸೈಕಲ್ಲಿನ ನಿಯಮ ಬೇರೆಯಾಗಬಹುದು.

ಎಷ್ಟು ದುಡ್ಡು

ಊರು, ಅಂಗಡಿ ನೋಡಿ ದರ ಏರಿಳಿಯುತ್ತದೆ, ಆದರೂ ಒಂದು ಅಂದಾಜು ಇಟ್ಟುಕೊಳ್ಳಬಹುದು. 8ರಿಂದ 12 ಸಾವಿರಕ್ಕೆ ಬಹುತೇಕ ಉಕ್ಕಿನ, ಶಾಕ್ ಇರುವ ಸೈಕಲ್ಲೇ ಸಿಗುವುದು. 14ರಿಂದ 25 ಸಾವಿರದೊಳಗೆ ಅಲಾಯ್ ಫ್ರೇಮು, ಸಾದಾ ಫೋರ್ಕಿನ ಹೈಬ್ರಿಡ್ (ಡಾಂಬರು, ಕಚ್ಚಾ ದಾರಿ ಎರಡಕ್ಕೂ ಆಗುವ) ಸೈಕಲ್ ಸಿಗುತ್ತವೆ. ಬೆಲೆಗೆ ತಕ್ಕ ಮಾಲು ಇರುವುದು ಈ ಪಟ್ಟಿಯಲ್ಲೇ. ಅಲಾಯ್ ರೇಸ್ ಸೈಕಲ್ 30 ಸಾವಿರದ ಆಸುಪಾಸಿನಿಂದ ಶುರು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಹಳೆಯ ದರದ ಚೀಟಿ ಅಂಟಿಸಿರುವ ಸ್ಟಾಕ್ ಇದ್ದರೆ ಬಿಲ್ಲಿನಲ್ಲಿ ತೆರಿಗೆಯ ಸಾಲನ್ನು ಓದಿ.

ಕೈಯಲ್ಲಿರುವುದು 10 ಸಾವಿರವೇ ಆದರೆ ಹೊಸ ಭಾರದ ಸೈಕಲ್ಲಿಗಿಂತ ಹಳೆಯ ಹಗುರ ಸೈಕಲ್ ಮೇಲು. ಮಕ್ಕಳ ಸೈಕಲ್ ಸವೆಯುವ ಮೊದಲೇ ಚಿಕ್ಕದಾಗಿಬಿಡುವುದರಿಂದ ಬೆಂಗಳೂರು, ಮೈಸೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಒಳ್ಳೊಳ್ಳೆಯವು ಧೂಳು ಹಿಡಿದು ನಿಂತಿವೆ. ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಇನ್ನೂ ಒಳ್ಳೆಯ ಆಯ್ಕೆ ಇದೆ. ಐಲಾ ರೌಂಟ್ರಿ 2006ರಲ್ಲಿ ಶುರುಮಾಡಿದ ಐಲಾಬೈಕ್ಸ್ ಮಕ್ಕಳ ಮೈಗೆ ತಕ್ಕ ಗಿಡ್ಡ ಕ್ರ್ಯಾಂಕು, ಚಿಕ್ಕ ಲಿವರುಗಳ ಹಗುರ ಸೈಕಲ್ ಮಾಡುತ್ತಿತ್ತು. 2023ರಲ್ಲಿ ಹೊಸ ಸೈಕಲ್ ತಯಾರಿಕೆ ನಿಲ್ಲಿಸಿದರೂ ಅದರ ಹಳೆಯ ಸೈಕಲ್ಲುಗಳು ಕೈಯಿಂದ ಕೈಗೆ ಓಡಾಡುತ್ತಲೇ ಇವೆ.

ಹಳೆಯದನ್ನು ಪರೀಕ್ಷಿಸುವ ಬಗೆ

ಹಗಲಲ್ಲಿ ನೋಡಿ, ಒರೆಸಿ ನೋಡಿ. ಹ್ಯಾಂಡಲಿನ ಕೆಳಗೆ ಎರಡು ದಂಡಗಳು ಕೂಡುವ ಜಾಗದ ಅಡಿಭಾಗದಲ್ಲಿ ಬಣ್ಣ ಕೂದಲೆಳೆಯಂತೆ ಬಿರಿದಿದ್ದರೆ ಅಥವಾ ಉಬ್ಬಿದ್ದರೆ ಎದುರಿಗೆ ಗುದ್ದಿದ ಸೈಕಲ್ ಅದು. ಅಲ್ಯೂಮಿನಿಯಂ ಫ್ರೇಮಿನ ಬಿರುಕಿಗೆ ಊರ ವೆಲ್ಡಿಂಗ್ ಮದ್ದಲ್ಲ, ಬಿಟ್ಟು ಬನ್ನಿ.

ಚೈನಿನ ಸವೆತವನ್ನು ಸ್ಟೀಲ್ ಸ್ಕೇಲಿನಲ್ಲಿ ಅಳೆಯಬಹುದು. ಒಂದು ಪಿನ್ನಿನ ನಡುವಿನಿಂದ ಶುರುಮಾಡಿ ಮುಂದಿನ 24ನೇ ಪಿನ್ನಿನ ನಡುವಿಗೆ ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚು, ಅಂದರೆ 304.8 ಮಿ.ಮೀ. 306.4 ಬಂದರೆ ಚೈನ್ ಬದಲಿಸಬೇಕು. 308 ಬಂದರೆ ಹಿಂದಿನ ಹಲ್ಲುಚಕ್ರಗಳೂ ಹೋಗಿವೆ, ಆ ಖರ್ಚನ್ನು ದರದಿಂದ ಕಳೆಯಿರಿ. ಕ್ರ್ಯಾಂಕ್ ತೋಳನ್ನು ಫ್ರೇಮಿನ ಕಡೆಗೆ ತಳ್ಳಿ ಎಳೆದು ನೋಡಿ. ಎರಡೂ ತೋಳು ಒಟ್ಟಿಗೆ ಅಲುಗಿದರೆ ಬಿಬಿ (ಬಾಟಮ್ ಬ್ರಾಕೆಟ್, ಕ್ರ್ಯಾಂಕ್ ತಿರುಗುವ ಅಚ್ಚು ಕೂತಿರುವ ಜಾಗ) ಸಡಿಲ, ಅಗ್ಗದ ರಿಪೇರಿ. ಒಂದೇ ತೋಳು ಅಲುಗಿದರೆ ಅದರ ಚೌಕದ ರಂಧ್ರ ಸವೆದಿದೆ. ಎಷ್ಟು ಬಿಗಿ ಮಾಡಿದರೂ ಮತ್ತೆ ಸಡಿಲವಾಗುತ್ತದೆ. ಬಿಬಿಯ ಅಡಿಯಲ್ಲಿ ಕೊರೆದಿರುವ ಫ್ರೇಮ್ ನಂಬರಿನ ಫೋಟೋ ತೆಗೆದುಕೊಂಡು, ಮೂಲ ಬಿಲ್ಲನ್ನೂ ಕೇಳಿ ಪಡೆಯಿರಿ.

ಮನೆಗೆ ತಂದ ಮೇಲೆ

ಅಂಗಡಿಯಲ್ಲಿ ಗಡಿಬಿಡಿಯಲ್ಲಿ ಜೋಡಿಸಿದ ಸೈಕಲ್ಲಿನ ಫೋರ್ಕ್ ಹಿಂದುಮುಂದಾಗಿ ಕೂತಿರುವುದನ್ನು ಈಗಲೂ ಕಾಣಬಹುದು. ಫೋರ್ಕಿನ ಬಾಗು ಮುಂದಕ್ಕಿರಬೇಕು, ಡಿಸ್ಕ್ ಅಲ್ಲದ್ದಾದರೆ ಮುಂದಿನ ಬ್ರೇಕ್ ಕೂಡ ಮುಂಬದಿಯಲ್ಲೇ ಕಾಣಬೇಕು. ಪೆಡಲ್ ಬದಲಿಸುವುದಾದರೆ ಎಡಗಡೆಯದರ ಮರೆ ಉಲ್ಟಾ ಎಂಬುದನ್ನು ಮರೆಯಬೇಡಿ. ಒತ್ತಾಯದಿಂದ ತಿರುಗಿಸಿದರೆ ಅಲ್ಯೂಮಿನಿಯಂ ತೋಳಿನ ಮರೆ ಕಿತ್ತುಬರುತ್ತದೆ.

ಸೀಟಿನ ಎತ್ತರಕ್ಕೆ ಮಗು ಸೀಟಿನಲ್ಲಿ ಕೂತು, ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಡಲಿ. ಕಾಲು ನೇರವಾಗಬೇಕು. ಪಾದದ ಮುಂಭಾಗದಲ್ಲಿ ತುಳಿಯುವಾಗ ಮೊಣಕಾಲು ತಾನಾಗಿ ತುಸು ಬಾಗುತ್ತದೆ. ಸೀಟ್ ಪೋಸ್ಟಿನ ಮೇಲಿರುವ ಕನಿಷ್ಠ ಗೆರೆ ಫ್ರೇಮಿನ ಹೊರಗೆ ಕಾಣಬಾರದು. ಪೋಸ್ಟಿಗೆ ತೆಳ್ಳಗೆ ಗ್ರೀಸ್ ಸವರಿ ಕೂರಿಸಿ. ಇಲ್ಲದಿದ್ದರೆ ಒಂದೆರಡು ಮಳೆಗಾಲದಲ್ಲಿ ಫ್ರೇಮಿಗೆ ಕಚ್ಚಿಕೊಂಡು, ಮಗು ಬೆಳೆದಾಗ ಮೇಲೆತ್ತಲು ಬರುವುದಿಲ್ಲ.

ಟೈರಿನ ಗಾಳಿಗೆ 35 ಕೆ.ಜಿ.ಯ ಮಗುವಿಗೆ 1.75 ಇಂಚಿನ ಟೈರಿನಲ್ಲಿ 30–35 ಪಿಎಸ್‌ಐ ಸಾಕು. ಪೆಟ್ರೋಲ್ ಬಂಕಿನಲ್ಲಿ ಹಾಕಿಸಬೇಡಿ, ಚಿಕ್ಕ ಟ್ಯೂಬ್ ಕಣ್ಣುಮುಚ್ಚಿ ಬಿಡುವುದರೊಳಗೆ ತುಂಬಿ ಸಿಡಿಯುತ್ತದೆ. ಬಯಲುಸೀಮೆಯಲ್ಲಿ ನೆಗ್ಗಿಲು ಮುಳ್ಳು, ಜಾಲಿ ಮುಳ್ಳಿನ ಕಾಟವಿದ್ದರೆ ಮೋಟಾರ್‌ಬೈಕಿನ ಬಗೆಯ ವಾಲ್ವ್ ಇರುವ ಟ್ಯೂಬ್ ಹಾಕಿಸಿ, ವಾಲ್ವಿನ ಒಳತುಂಡು ಬಿಚ್ಚಿ, ಒಂದೊಂದಕ್ಕೆ 60–80 ಮಿ.ಲೀ. ಸೀಲಂಟ್ ಸುರಿಯಿರಿ. ತೆಳ್ಳನೆಯ ರೇಸ್ ವಾಲ್ವ್ ಇದ್ದರೆ ಹಳ್ಳಿಯ ಪಂಪು ಅದಕ್ಕೆ ಹಿಡಿಯುವುದಿಲ್ಲ, ಹಿತ್ತಾಳೆಯ ಅಡಾಪ್ಟರ್ ಒಂದನ್ನು ಸೀಟಿನಡಿಯ ಚೀಲದಲ್ಲಿ ಇಡಿ. ಹೆಲ್ಮೆಟ್ ಕೊಳ್ಳುವಾಗ ಒಳಗೆ ಇಎನ್ 1078 (ಯುರೋಪಿನ ಸುರಕ್ಷತಾ ಮಾನದಂಡ) ಎಂಬ ಗುರುತು ಹುಡುಕಿ.

ಮೊದಲ 100 ಕಿ.ಮೀ. ಆದಮೇಲೆ ಸೈಕಲ್ಲನ್ನು ಒಮ್ಮೆ ಪೂರ್ತಿ ಬಿಗಿ ಮಾಡಿಸಬೇಕು. ಕೇಬಲ್ ಕೂತು ಗೇರ್ ತಪ್ಪಲು ಶುರುವಾಗಿರುತ್ತದೆ, ಚಕ್ರದ ಕಡ್ಡಿಗಳು ಸಡಿಲವಾಗಿರುತ್ತವೆ. ಎಲ್ಲಕ್ಕಿಂತ ಮುಖ್ಯ ಕ್ರ್ಯಾಂಕ್ ಬೋಲ್ಟ್: 35–40 ನ್ಯೂಟನ್ ಮೀಟರ್, ಅಂದರೆ ಉದ್ದ ಹಿಡಿಯ ಪಾನಾದಲ್ಲಿ ದೊಡ್ಡವರು ಚೆನ್ನಾಗಿ ಬಲ ಹಾಕಿ ಬಿಗಿಯುವಷ್ಟು. ಸ್ಟೆಮ್ಮಿನ ಚಿಕ್ಕ ಬೋಲ್ಟುಗಳಿಗೆ 5 ನ್ಯೂಟನ್ ಮೀಟರ್ ಸಾಕು, ಅಲ್ಲಿ ಅದೇ ಬಲ ಹಾಕಿದರೆ ಮುರಿಯುತ್ತದೆ. ಕಳಚಿದ ಸ್ಟ್ಯಾಂಡ್, ರಿಫ್ಲೆಕ್ಟರ್, ಹಳೆಯ ಗಿಡ್ಡ ಸ್ಟೆಮ್ ಎಲ್ಲವನ್ನೂ ಬಿಲ್ಲಿನ ಜೊತೆ ಒಂದೇ ಚೀಲದಲ್ಲಿ ಕಟ್ಟಿಡಿ. ಎರಡು ವರ್ಷದ ಮೇಲೆ ಸೈಕಲ್ ಕೊಳ್ಳಲು ಬರುವವರು ಮೊದಲು ಕೇಳುವುದು ಅವನ್ನೇ.